ಅಣ್ಣನ ಇಸ್ತ್ರಿ ಮೌಸ್

ನಿನ್ನೆ ರಾತ್ರಿ ಅಣ್ಣ ನನ್ನ ಮೌಸ್ ಹಿಡಿದು, "ಏನೋ ಇದು, ಕೆಟ್ಟು ಕೂತಿದೆ" ಅಂದುಬಿಟ್ಟ. ಮೂರು ಸಂಜೆ ಕೂತು ಸರಿ ಮಾಡಿದ್ದು ನಾನು. ಹೊಟ್ಟೆ ಇನ್ನೂ ಉರಿಯುತ್ತಿದೆ.

ಕಪಾಟಿನಲ್ಲಿ ಹಳೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಂದಿತ್ತು. 2012ರ ಮೊದಲ ತಲೆಮಾರಿನದು, 700 ಮೆಗಾಹರ್ಟ್ಸ್. ಏನೋ ದೊಡ್ಡದಾಗಿ ಮಾಡುತ್ತೇನೆ ಅಂತ ತಂದು, ಕೊನೆಗೆ ಅದರ ಅಡಾಪ್ಟರ್‌ನಿಂದ ಫೋನ್ ಚಾರ್ಜ್ ಮಾಡಿಕೊಂಡಿರುತ್ತೇವೆ, ಅಲ್ವಾ? ಅದಕ್ಕೆ ಡೂಮ್ ಹಾಕಿದೆ. 1993ರ ಗುಂಡು ಹಾರಿಸುವ ಆಟ. 386 ಪ್ರೊಸೆಸರ್, 4 ಎಂಬಿ ಮೆಮೊರಿ ಇದ್ದರೆ ಓಡುತ್ತಿತ್ತು. ಪೈಗೆ ಅದು ಲೆಕ್ಕಕ್ಕೇ ಇಲ್ಲ.

ತಕರಾರು ಮೌಸ್‌ನದು. ಈಗಿನ ಆಟಗಳಲ್ಲಿ ಮೌಸ್ ಮುಂದೆ ತಳ್ಳಿದರೆ ಮೇಲೆ ನೋಡುತ್ತೇವೆ. ಡೂಮ್‌ನಲ್ಲಿ ಮೇಲೆ ನೋಡುವ ಪದ್ಧತಿಯೇ ಇಲ್ಲ. ಮುಂದೆ ತಳ್ಳಿದರೆ ಮನುಷ್ಯ ನಡೆದುಬಿಡುತ್ತಾನೆ. ನಡೀಲಿ ಬಿಡಿ ಅನ್ನಬೇಡಿ. ಮೊಣಕೈ ಮೇಜಿನ ಮೇಲೂರಿ ಮೌಸನ್ನು ಪಕ್ಕಕ್ಕೆ ಎಳೆದು ನೋಡಿ. ಕೈ ನೇರ ಹೋಗುವುದಿಲ್ಲ, ಕಮಾನಿನ ಹಾಗೆ ಬಳಸಿ ಹೋಗುತ್ತದೆ. ಅಂದರೆ ತಿರುಗಬೇಕು ಅಂದುಕೊಂಡಾಗಲೆಲ್ಲ ಎರಡು ಹೆಜ್ಜೆ ಉಚಿತ. ಮೊದಲ ಲೆವೆಲ್‌ನಲ್ಲೇ ಹಸಿರು ವಿಷದ ಹೊಂಡದ ಮೇಲೆ ಅಂಕುಡೊಂಕು ಕಾಲುದಾರಿ ಇದೆ. ಅಲ್ಲಿ ಎಷ್ಟು ಸಲ ಮಿಂದೆದ್ದೆನೋ!

ಆಟದ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಸಾಲುಗಳು, 1997ರಿಂದಲೇ ಎಲ್ಲರಿಗೂ ಸಿಗುತ್ತದೆ. ಅದರಿಂದ ಬೆಳೆದ ಚಾಕೊಲೇಟ್ ಡೂಮ್ ನನ್ನದು. ಹುಡುಕಿದೆ. ಮೌಸ್ ಮುಂದೆ ಸರಿದಷ್ಟನ್ನು ನಡಿಗೆಗೆ ಕೂಡಿಸುವುದು ಒಂದೇ ಒಂದು ಸಾಲು. ಅಳಿಸಿ, ಕೋಡನ್ನು ಓಡುವ ಆಟವಾಗಿಸಲು ಕಂಪೈಲ್ ಕೊಟ್ಟೆ. ಪೈ ಕಂಪೈಲ್ ಮಾಡುವುದನ್ನು ನೋಡಬೇಕು. ಒಂದೊಂದು ಫೈಲಿನ ಹೆಸರು ತೆರೆಯ ಮೇಲೆ ಬಂದು, ನಿಂತು, ಯೋಚಿಸಿ, ಆಮೇಲೆ ಮುಂದಿನದು. ಸ್ನಾನ ಮುಗಿಸಿ ಬಂದೆ, ಇನ್ನೂ ಮಾಡುತ್ತಿತ್ತು.

ಮುಗಿಯಿತು. ಐಕಾನ್ ಒತ್ತಿದೆ. ನೇರ ಹೊಂಡಕ್ಕೆ.

ಬೇರೆ ಸಾಲಿರಬಹುದು ಅಂತ ಇನ್ನೊಂದು ಅಳಿಸಿದೆ. ಮತ್ತೆ ಹೊಂಡ. ಎರಡನೇ ಸಂಜೆ ಸಿಟ್ಟು ಬಂದು, ಮನುಷ್ಯ ಹಿಂದಕ್ಕೆ ನಡೆಯಲಿ ಅಂತ ಆ ಸಾಲಿನ ಪ್ಲಸ್ ಚಿಹ್ನೆಯನ್ನೇ ಮೈನಸ್ ಮಾಡಿದೆ. ಮಹಾಶಯ ಮುಂದಕ್ಕೇ ನಡೆದ. ಮೂರನೇ ಸಂಜೆ ಮೌಸ್‌ನ ಭಾಗವನ್ನೇ ಪೂರ್ತಿ ಕಿತ್ತುಹಾಕಿದೆ. ಮೌಸ್ ಆರಾಮವಾಗಿ ಕೆಲಸ ಮಾಡಿತು! ಮೈ ಜುಮ್ಮೆಂದಿತು. ಆಮೇಲೆ ನೋಡಿದರೆ, ಮೆನುವಿನ ಐಕಾನ್ ಓಡಿಸುತ್ತಿದ್ದದ್ದು ಮೊದಲ ದಿನ ಇನ್‌ಸ್ಟಾಲ್ ಮಾಡಿದ ಹಳೇ ಆಟವನ್ನು. ನಾನು ರಿಪೇರಿ ಮಾಡುತ್ತಿದ್ದದ್ದು ಬೇರೆ ಫೋಲ್ಡರ್‌ನಲ್ಲಿ ಕಂಪೈಲ್ ಆಗಿ ಸುಮ್ನೆ ಕೂತಿತ್ತು.

ಹಳೆಯದನ್ನು ಕಿತ್ತೆ. ಕೋಡ್ ಮೊದಲಿನಂತೆ ಮಾಡಿ, ಆ ಒಂದೇ ಸಾಲು ಅಳಿಸಿ, ಹೊಸದನ್ನು ಕೂರಿಸಿದೆ. ಸೌಂಡ್ ಜಾಸ್ತಿ ಇದೆ ಅಂತ ಸೆಟಪ್ ತೆರೆದರೆ, ಮೌಸ್ ಪುಟದಲ್ಲಿ ಒಂದು ಟಿಕ್ ಬಾಕ್ಸ್: ಮೌಸ್‌ನ ಹಿಂದೆ ಮುಂದೆ ಚಲನೆ ಬೇಕೋ ಬೇಡವೋ? ಕೂಸು ಕಂಕುಳಲ್ಲೇ ಇತ್ತು. ಈ ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಇಷ್ಟಾದ ಮೇಲೆ ಅಣ್ಣ ಬಂದ. ಕೂತ. ಮೌಸ್ ಮುಂದೆ ತಳ್ಳಿದ, ಎತ್ತಿದ, ಹಿಂದಕ್ಕಿಟ್ಟ, ಮತ್ತೆ ತಳ್ಳಿದ. ಅಂಗಿಗೆ ಇಸ್ತ್ರಿ ಹಾಕುವ ಹಾಗೆ. ಅವನು ಡೂಮ್‌ನಲ್ಲಿ ನಡೆಯುತ್ತಿದ್ದದ್ದೇ ಹಾಗೆ! ನಾನು ಮರೆತೇಬಿಟ್ಟಿದ್ದೆ. ಚಿಕ್ಕವರಿದ್ದಾಗ ಮೌಸ್ ಅವನದು, ಬಾಗಿಲು ತೆಗೆಯುವ ಸ್ಪೇಸ್ ಬಾರ್ ಮಾತ್ರ ನನ್ನದು. "ತೆಗಿ, ತೆಗಿ, ತೆಗಿಯೋ!" ಅಂತ ಮೊಣಕೈಯಲ್ಲಿ ತಿವಿಯುತ್ತಿದ್ದ. ಆ ಒಂದು ಕೀಲಿಗೋಸ್ಕರ ನಾನು ಹೋಮ್‌ವರ್ಕ್ ಬಿಟ್ಟು ಓಡಿ ಬರುತ್ತಿದ್ದೆ.

"ನಡೀತಾನೇ ಇಲ್ವಲ್ಲೋ ಇವನು" ಅಂದ ಅಣ್ಣ, ಇಸ್ತ್ರಿ ನಿಲ್ಲಿಸದೆ.

"ಬಾಣದ ಕೀಲಿ ಒತ್ತಣ್ಣ."

"ಅದ್ಯಾಕೆ? ಮುಂಚೆ ಮೌಸಲ್ಲೇ ನಡೀತಿತ್ತಲ್ಲ."

ಅಳಿಸಿದ ಸಾಲನ್ನು ಮತ್ತೆ ಬರೆದು ಕಂಪೈಲ್ ಕೊಟ್ಟಿದ್ದೇನೆ. ಪೈ ಮೂರನೇ ಫೈಲ್‌ನಲ್ಲಿದೆ, ಯೋಚಿಸುತ್ತಿದೆ. ಪಕ್ಕದ ರೂಮಿನಿಂದ ಅಣ್ಣ ಆಗಲೇ ನಾಲ್ಕು ಸಲ "ಆಯ್ತೇನೋ?" ಅಂದಿದ್ದಾನೆ.