ಮುಚ್ಚುವುದಾದರೆ ಯಾಕೆ ಅಂತ ಬರೆದು ಮುಚ್ಚಿ ಸ್ವಾಮಿ

ಇವತ್ತು ಬೆಳಿಗ್ಗೆ ಬಂದ ಮೈಲ್ ಇದು. "ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ. ಬಹಳ ದಿನಗಳಿಂದ ಯಾವುದೇ ಚಟುವಟಿಕೆ ಇಲ್ಲದ ಕಾರಣ ಇದನ್ನು ಮುಚ್ಚಲಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?"

ಕಾಫಿ ಲೋಟ ಕೈಯಲ್ಲೇ ಇತ್ತು. ಎಸೆಯಲಿಲ್ಲ. ಸ್ಟೀಲ್ ಲೋಟ, ಎಸೆದರೂ ಏನೂ ಆಗುತ್ತಿರಲಿಲ್ಲ ಅನ್ನಿ.

ವಿಷಯ ಏನಂದ್ರೆ, ಒಂದು ಆ್ಯಪ್‌ನಲ್ಲಿ ಬಿಲ್ ಕಟ್ಟಿದರೆ ರಸೀದಿ ಪಿಡಿಎಫ್ ಆಗಿ ಬರುತ್ತದೆ. ಯಾವ ಆ್ಯಪ್ ಅಂತ ಕೇಳಬೇಡಿ, ಹೇಳುವುದಿಲ್ಲ. ಸ್ಕ್ರೀನಿನ ಮೇಲೆ ಅಪ್ಪನ ಹೆಸರು ಸರಿಯಾಗಿ 'ಕೃಷ್ಣಪ್ಪ' ಅಂತಲೇ ಕಾಣುತ್ತದೆ. ಅದೇ ಹೆಸರು ಪಿಡಿಎಫ್‌ನಲ್ಲಿ 'ಕೃಷ್‌ಣಪ್‌ಪ'. ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಇಂಥದ್ದು ಕಂಡರೆ ಸುಮ್ನೆ ಇರೋಕೆ ಆಗಲ್ಲ. ಫೋನ್ ಮಾಡೆಲ್, ಆ್ಯಪ್ ವರ್ಷನ್, ಎರಡು ಸ್ಕ್ರೀನ್‌ಶಾಟ್, ಯಾವ ಬಟನ್ ಆದಮೇಲೆ ಯಾವ ಬಟನ್ ಒತ್ತಿದೆ ಅನ್ನುವುದು, ಎಲ್ಲ ಬರೆದು ದೂರು ಕಳಿಸಿದೆ. ಆ ದೂರಿಗೇ ಅವರು ಟಿಕೆಟ್ ಅನ್ನುವುದು. ಪಿಡಿಎಫ್ ಮಾಡುವ ಕೋಡ್ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿಲ್ಲ ಅನ್ನಿಸುತ್ತದೆ, ಅದಕ್ಕೆ ಹಾರ್ಫ್‌ಬಜ್ ಅಂತ ಬಿಟ್ಟಿ ಸಾಫ್ಟ್‌ವೇರೇ ಇದೆ, ನೋಡಿ ಅಂತ ಸಲಹೆಯನ್ನೂ ಕೊಟ್ಟೆ. ಇದಕ್ಕೆಲ್ಲ ನನಗೆ ಯಾರೂ ಸಂಬಳ ಕೊಡುತ್ತಿಲ್ಲ.

ಚಟುವಟಿಕೆ ಇಲ್ಲವಂತೆ! ಚಟುವಟಿಕೆ ಮಾಡಬೇಕಾದವರು ಯಾರು? ನಾನೇ ಹೋಗಿ ಅವರ ಕೋಡ್ ತಿದ್ದಬೇಕಿತ್ತಾ? ದಿನಾ ಬೆಳಿಗ್ಗೆ ಟಿಕೆಟ್ ಬಾಗಿಲಿಗೆ ರಂಗೋಲಿ ಹಾಕಬೇಕಿತ್ತಾ? ಸರಿ, ಉತ್ತರ ಬರೆಯೋಣ ಅಂತ ರಿಪ್ಲೈ ಒತ್ತಿದರೆ ಅದು 'ನೋ ರಿಪ್ಲೈ' ವಿಳಾಸ. ಅವರು ನನಗೆ ಮೈಲ್ ಹಾಕಬಹುದು, ನಾನು ಅವರಿಗೆ ಹಾಕುವ ಹಾಗಿಲ್ಲ.

ಇಲ್ಲಿಂದ ಮುಂದೆ ಡೆಬಿಯನ್ ಪುರಾಣ. ಗೊಣಗುವವರು ಈಗಲೇ ಗೊಣಗಿ ಮುಗಿಸಿ.

ಡೆಬಿಯನ್ ಅಂದರೆ ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದ ಲಿನಕ್ಸ್. ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್, ಆದರೆ ಬಿಟ್ಟಿ, ಸ್ವಯಂಸೇವಕರು ನೋಡಿಕೊಳ್ಳುವುದು. ಅದರ ಬಗ್‌ಗಳನ್ನು, ಅಂದರೆ ಸಾಫ್ಟ್‌ವೇರಿನ ದೋಷಗಳ ದೂರುಗಳನ್ನು, ನೋಡಿಕೊಳ್ಳುವ ವ್ಯವಸ್ಥೆಗೆ ಡೆಬ್‌ಬಗ್ಸ್ ಅಂತ ಹೆಸರು. ಇನ್ನೊಬ್ಬ ಇಯಾನ್, ಇಯಾನ್ ಜಾಕ್ಸನ್, ಅದನ್ನು 1994ರಲ್ಲಿ ಬರೆದರು. ಅದು ಇವತ್ತಿಗೂ ಓಡುತ್ತಿದೆ. 2021ರಲ್ಲಿ ಅದರ ಬಗ್ ನಂಬರ್ ಹತ್ತು ಲಕ್ಷ ದಾಟಿತು. ವಿಶೇಷ ಏನಂದ್ರೆ ಅಲ್ಲಿ ಎಲ್ಲವೂ ಮೈಲ್‌ನಲ್ಲೇ ನಡೆಯುತ್ತದೆ. ವೆಬ್ ಪೇಜ್ ಇದೆ, ಓದೋಕೆ ಮಾತ್ರ. ಅಲ್ಲಿ ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, 'ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಿ' ಅಂತ ಬಸ್ಸಿನ ಚಿತ್ರ ಹುಡುಕಿಸುವುದಿಲ್ಲ.

ಬಗ್ ಹಾಕಬೇಕಾ? 'ಸಬ್ಮಿಟ್' ಅನ್ನುವ ವಿಳಾಸಕ್ಕೆ ಒಂದು ಮೈಲ್ ಹಾಕಿ. ಮೊದಲ ಸಾಲಿನಲ್ಲಿ ಪ್ಯಾಕೇಜ್ ಹೆಸರು, ಅಂದರೆ ಯಾವ ಸಾಫ್ಟ್‌ವೇರ್ ಅಂತ, ಎರಡನೇ ಸಾಲಿನಲ್ಲಿ ವರ್ಷನ್. ನಮ್ಮ ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳು ಕೂಡ ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿ ಸಿಗುತ್ತವೆ. ಅವುಗಳಲ್ಲಿ ಒಂದು ಒತ್ತು ಕೆಟ್ಟು ಕೂತಿದ್ದರೂ ದಾರಿ ಇದೇ. ಆಮೇಲೆ ಒಂದು ಗೆರೆ ಬಿಟ್ಟು ನಿಮ್ಮ ಗೋಳು ಬರೆಯಿರಿ. ಸ್ವಲ್ಪ ಹೊತ್ತಿಗೆ ನಂಬರ್ ಬರುತ್ತದೆ. ಆ ನಂಬರೇ ಮುಂದೆ ವಿಳಾಸವೂ ಆಗುತ್ತದೆ. ಆ ವಿಳಾಸಕ್ಕೆ ಬರೆದದ್ದೆಲ್ಲ ಆ ಬಗ್‌ನ ಕಡತಕ್ಕೆ ಸೇರುತ್ತದೆ. ಇಷ್ಟೂ ಕಷ್ಟ ಅನ್ನುವವರಿಗೆ ರಿಪೋರ್ಟ್‌ಬಗ್ ಅಂತ ಒಂದು ಪ್ರೋಗ್ರಾಮ್ ಇದೆ. ಅದು ಪ್ರಶ್ನೆ ಕೇಳಿ, ನಿಮ್ಮ ಸಿಸ್ಟಮ್ಮಿನ ವಿವರ ತಾನೇ ತುಂಬಿ, ಮೈಲ್ ಸಿದ್ಧ ಮಾಡಿಕೊಡುತ್ತದೆ.

ಬಗ್ ಎಷ್ಟು ಗಂಭೀರ ಅಂತ ಬದಲಾಯಿಸಬೇಕಾ? 'ಕಂಟ್ರೋಲ್' ವಿಳಾಸಕ್ಕೆ ಒಂದು ಸಾಲು. 'ಸಿವಿಯಾರಿಟಿ', ಬಗ್ ನಂಬರ್, 'ಇಂಪಾರ್ಟೆಂಟ್'. ತಲೆಬರಹ ಸರಿ ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ 'ರೀಟೈಟಲ್'. ಒಂದೇ ದೂರು ಎರಡು ಸಲ ಬಂದಿದ್ದರೆ 'ಮರ್ಜ್'. ತಪ್ಪು ಪ್ಯಾಕೇಜ್ ಮೇಲೆ ಬಿದ್ದಿದ್ದರೆ 'ರೀಅಸೈನ್'. ಕೊನೆಗೆ 'ಥ್ಯಾಂಕ್ಸ್' ಅಂತ ಹಾಕಬೇಕು. ಅಲ್ಲಿಗೆ ಅದು ಓದುವುದನ್ನು ನಿಲ್ಲಿಸುತ್ತದೆ. ಹಾಕದಿದ್ದರೆ ಕೆಳಗಿರುವ ನಿಮ್ಮ ಸಹಿಯನ್ನೂ ಕಮಾಂಡ್ ಅಂದುಕೊಂಡು, 'ಸೀನಿಯರ್ ಟೆಸ್ಟ್ ಎಂಜಿನಿಯರ್' ಅನ್ನುವ ಆಜ್ಞೆ ನನಗೆ ಗೊತ್ತಿಲ್ಲ ಅಂತ ವಾಪಸ್ ಬರೆಯುತ್ತದೆ. ನಮ್ಮ ಆಫೀಸಿನಲ್ಲೂ ಆ ಆಜ್ಞೆಗೆ ಇಷ್ಟೇ ಬೆಲೆ.

ಆ ವಾಪಸ್ ಬರುವ ಮೈಲ್ ನೋಡೋಕೆ ನನಗೆ ತುಂಬಾ ಖುಷಿ. ನೀವು ಬರೆದ ಒಂದೊಂದು ಸಾಲನ್ನೂ ಎತ್ತಿ ಬರೆದು, ಅದರ ಕೆಳಗೆ ಏನು ಮಾಡಿದೆ ಅಂತ ಹೇಳುತ್ತದೆ. ಸಿವಿಯಾರಿಟಿ ನಾರ್ಮಲ್ ಇತ್ತು, ಇಂಪಾರ್ಟೆಂಟ್ ಮಾಡಿದೆ. ತಲೆಬರಹ ಅದಿತ್ತು, ಇದು ಮಾಡಿದೆ. ಒಂದು ಮಷಿನ್ ಇಷ್ಟು ಲೆಕ್ಕ ಒಪ್ಪಿಸುತ್ತದೆ. ಮನುಷ್ಯರಿಗೆ 'ಚಟುವಟಿಕೆ ಇಲ್ಲ' ಅನ್ನುವುದರಾಚೆ ಒಂದು ಮಾತು ಬರೆಯೋಕೆ ಆಗುವುದಿಲ್ಲ.

ನಾನು ಹೇಳಬೇಕು ಅಂತಿದ್ದದ್ದು ಈಗ ಬರುತ್ತಿದೆ. ಬಗ್ ಮುಚ್ಚುವುದು ಹೇಗೆ?

ಬಗ್ ನಂಬರ್ ಬರೆದು, ಅಡ್ಡಗೆರೆ ಹಾಕಿ, 'ಡನ್' ಅಂತ ಸೇರಿಸಿದರೆ ಒಂದು ವಿಳಾಸ ಆಗುತ್ತದೆ. ಆ ವಿಳಾಸಕ್ಕೆ ಮೈಲ್ ಹಾಕಿದರೆ ಬಗ್ ಮುಚ್ಚುತ್ತದೆ. ಮೈಲ್ ಅಂದಮೇಲೆ ಏನಾದರೂ ಬರೆಯಲೇಬೇಕಲ್ವಾ? ಯಾವ ವರ್ಷನ್‌ನಲ್ಲಿ ಸರಿಹೋಯಿತು, ಏನು ತೊಂದರೆ ಇತ್ತು, ಅಥವಾ ಇದು ಬಗ್ ಅಲ್ಲವೇ ಅಲ್ಲ ಅಂತ ನಾನು ಯಾಕೆ ಅಂದುಕೊಂಡೆ. ಆ ಮೈಲ್ ನೇರವಾಗಿ ದೂರು ಕೊಟ್ಟವರ ಕೈಗೆ ಹೋಗುತ್ತದೆ. ಜೊತೆಗೆ ಅವರೇ ಮೊದಲು ಬರೆದ ರಿಪೋರ್ಟ್‌ನ ಪ್ರತಿಯೂ ಇರುತ್ತದೆ. ಮರೆತಿದ್ದರೆ ನೆನಪಾಗಲಿ ಅಂತ.

ಹಾಗೆ ನೋಡಿದರೆ ಕಂಟ್ರೋಲ್ ವಿಳಾಸದಲ್ಲಿ 'ಕ್ಲೋಸ್' ಅನ್ನುವ ಕಮಾಂಡೂ ಇದೆ. ಒಂದೇ ಸಾಲು ಬರೆದು ಮುಚ್ಚಿಬಿಡಬಹುದು. ಆದರೆ ಅವರ ಕೈಪಿಡಿಯಲ್ಲಿ ಅದರ ಪಕ್ಕದಲ್ಲೇ ಒಂದು ಎಚ್ಚರಿಕೆ ಇದೆ. ಇದನ್ನು ಬಳಸುವುದು ಬಿಡಿ, ಬಳಸಿದರೆ ಯಾಕೆ ಮುಚ್ಚಿದಿರಿ ಅಂತ ದೂರು ಕೊಟ್ಟವರಿಗೆ ಬೇರೆಯಾಗಿ ಹೇಳಲೇಬೇಕು ಅಂತ. ಅಂದರೆ ಕಾರಣ ಹೇಳದೆ ಮುಚ್ಚುವ ದಾರಿ ಗೊತ್ತಿದ್ದೂ, ಆ ಕಡೆ ಹೋಗಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ನಮ್ಮ ಕಡೆ ಅದೇ ದಾರಿಗೆ ಡಾಂಬರು ಹಾಕಿ, ಹೈವೇ ಮಾಡಿ, ಅದರ ಮೇಲೆ ಬಾಟ್, ಅಂದರೆ ತಾನಾಗಿಯೇ ಮುಚ್ಚುವ ಪ್ರೋಗ್ರಾಮ್, ಓಡಿಸುತ್ತಾರೆ.

ಹೊಸ ವರ್ಷನ್ ಅಪ್‌ಲೋಡ್ ಮಾಡುವಾಗ, ಏನೇನು ಬದಲಾಯಿತು ಅಂತ ಬರೆಯುವ ಚೇಂಜ್‌ಲಾಗ್‌ನಲ್ಲಿ 'ಕ್ಲೋಸಸ್' ಅಂತ ಬಗ್ ನಂಬರ್ ಹಾಕಿದರೆ ತಾನಾಗಿಯೇ ಮುಚ್ಚಿಕೊಳ್ಳುವ ವ್ಯವಸ್ಥೆಯೂ ಇದೆ. ಆಗಲೂ ಆ ಚೇಂಜ್‌ಲಾಗ್ ಪೂರ್ತಿಯಾಗಿ ದೂರುದಾರರಿಗೆ ಹೋಗುತ್ತದೆ. ನನಗೆ ಇನ್ನೂ ಹಿಡಿಸಿದ್ದು ಪ್ಯಾಕೇಜನ್ನೇ ತೆಗೆದುಹಾಕಿದಾಗ ಬರುವ ಮೈಲ್. ಪ್ಯಾಕೇಜೇ ಇಲ್ಲ ಅಂದಮೇಲೆ ಅದರ ಬಗ್‌ಗಳನ್ನೆಲ್ಲ ಒಟ್ಟಿಗೆ ಮುಚ್ಚುತ್ತಾರೆ. ಅದೂ ಮಷಿನ್ ಕಳಿಸುವ ಮೈಲೇ. ಆದರೆ ಅದರಲ್ಲಿ, ಈ ಪ್ಯಾಕೇಜ್ ತೆಗೆದಿದ್ದೇವೆ, ಅದಕ್ಕೆ ಮುಚ್ಚುತ್ತಿದ್ದೇವೆ, ನಿಮ್ಮ ತೊಂದರೆಯನ್ನು ಸರಿಯಾಗಿ ನೋಡಿಕೊಳ್ಳಲು ಆಗಲಿಲ್ಲ, ಕ್ಷಮಿಸಿ, ಯಾಕೆ ತೆಗೆದೆವು ಅಂತ ಇಲ್ಲಿ ನೋಡಿ ಅಂತ ಇನ್ನೊಂದು ಬಗ್‌ನ ಲಿಂಕ್ ಇರುತ್ತದೆ. ದುಡ್ಡು ತಗೊಳ್ಳದವರು ಕ್ಷಮೆ ಕೇಳುತ್ತಾರೆ. ದುಡ್ಡು ತಗೊಂಡವರು ಸ್ಟಾರ್ ಕೇಳುತ್ತಾರೆ.

ಇದನ್ನೆಲ್ಲ ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಟೀಮಿನ ಹುಡುಗನ ಹತ್ತಿರ ಹೇಳಿದೆ. "ಅಕ್ಕಾ, ಈ ಕಾಲದಲ್ಲೂ ಮೈಲಾ? ಯಾರು ಕಲೀತಾರೆ ಆ ಕಮಾಂಡ್‌ನೆಲ್ಲ?" ಅಂದ. ಏನಪ್ಪಾ, ನಮ್ಮ ಟ್ರ್ಯಾಕರ್‌ನಲ್ಲಿ ಒಂದು ಟಿಕೆಟ್ ತೆರೆಯೋಕೆ ಎಷ್ಟು ಕಾಲಂ ತುಂಬಬೇಕು ಹೇಳು ಅಂದೆ. ಕಾಂಪೊನೆಂಟ್, ಸ್ಪ್ರಿಂಟ್, ಎನ್ವಿರಾನ್‌ಮೆಂಟ್, ಎಪಿಕ್ ಲಿಂಕ್... ಹೇಳುತ್ತಾ ಹೋದವನು ಮಧ್ಯದಲ್ಲಿ ನಿಲ್ಲಿಸಿ ಅನ್ನಕ್ಕೆ ಮೊಸರು ಕಲಸಿಕೊಂಡ. ಅದನ್ನೆಲ್ಲ ಕಲಿಯೋಕೆ ಎರಡು ದಿನ ಟ್ರೈನಿಂಗ್ ಕೊಡುತ್ತಾರೆ. ಒಂದು ಸಾಲು ಮೈಲ್ ಬರೆಯುವುದು ಮಾತ್ರ ಕಷ್ಟವಂತೆ.

ಬೇರೆ ತಕರಾರುಗಳೂ ಇವೆ, ಇಲ್ಲ ಅನ್ನುವುದಿಲ್ಲ. ನಿಮ್ಮ ಮೈಲ್ ವಿಳಾಸ ಎಲ್ಲರಿಗೂ ಕಾಣುತ್ತದೆ. ಸ್ಪ್ಯಾಮ್ ಬರುತ್ತದೆ. ಯಾರು ಬೇಕಾದರೂ ಯಾರ ಬಗ್‌ನ ಸಿವಿಯಾರಿಟಿಯನ್ನು ಬೇಕಾದರೂ ಬದಲಾಯಿಸಬಹುದು, ಗುರುತಿನ ಚೀಟಿ ಕೇಳುವವರಿಲ್ಲ. ಸರಿ. ಆದರೆ ಯಾರು ಬದಲಾಯಿಸಿದರು, ಯಾವಾಗ, ಯಾವ ಮೈಲ್‌ನಲ್ಲಿ ಅಂತ ಎಲ್ಲರ ಕಣ್ಣೆದುರಿಗೇ ಇರುತ್ತದೆ. ತಪ್ಪಾದರೆ ಇನ್ನೊಂದು ಸಾಲಿನಲ್ಲಿ ವಾಪಸ್ ಮಾಡಬಹುದು. ನನ್ನ ಟಿಕೆಟ್ ಮುಚ್ಚಿದ್ದು ಯಾರು? 'ಸಿಸ್ಟಮ್.' ಯಾವ ಊರಿನವರಪ್ಪ ಈ ಸಿಸ್ಟಮ್? ಇವರ ಮನೆ ಎಲ್ಲಿ?

ಇನ್ನೊಂದು ಮಾತು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಡೆಬಿಯನ್‌ನಲ್ಲಿ ವರ್ಷಗಟ್ಟಲೆ ಯಾರೂ ತಿರುಗಿ ನೋಡದೆ ತೆರೆದೇ ಬಿದ್ದಿರುವ ಬಗ್‌ಗಳಿವೆ. ಇವೆ, ಬೇಕಾದಷ್ಟಿವೆ. ಬಿದ್ದಿರಲಿ ಬಿಡಿ! ಸರಿ ಮಾಡಿಲ್ಲ, ಅದಕ್ಕೆ ತೆರೆದಿದೆ. ಅದರಲ್ಲಿ ಸುಳ್ಳೇನಿದೆ? ನಾಳೆ ಅದೇ ತೊಂದರೆ ಬಂದವರು ಹುಡುಕಿದರೆ, ಓ, ಇದು ನನಗೊಬ್ಬಳಿಗೇ ಆಗಿದ್ದಲ್ಲ ಅಂತಾದರೂ ಗೊತ್ತಾಗುತ್ತದೆ. ಚಟುವಟಿಕೆ ಇಲ್ಲ ಅಂತ ಮುಚ್ಚುವುದು, ರೋಗಿ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದಾಗ ವಾಸಿಯಾಯಿತು ಅಂತ ಡಿಸ್ಚಾರ್ಜ್ ಬರೆದ ಹಾಗೆ.

ಈ ಬಾಟ್‌ಗಳು ಯಾಕೆ ಬಂದವು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ನಾನೂ ಅದೇ ಕೊಟ್ಟಿಗೆಯಲ್ಲಿ ದುಡಿಯುವವಳು. ಪ್ರತಿ ಸೋಮವಾರ ಒಂದು ಗ್ರಾಫ್ ತೋರಿಸುತ್ತಾರೆ. ತೆರೆದ ಬಗ್ ಇಷ್ಟು, ಮುಚ್ಚಿದ ಬಗ್ ಇಷ್ಟು. ತೆರೆದದ್ದು ಇಳಿಯಬೇಕು. ಇಳಿಸೋಕೆ ಎರಡು ದಾರಿ. ಒಂದು ಬಗ್ ಸರಿ ಮಾಡುವುದು, ಇನ್ನೊಂದು ಮುಚ್ಚುವುದು. ಯಾವುದು ಸುಲಭ ಅಂತ ನಾನು ಹೇಳಬೇಕಾ? ಗ್ರಾಫ್‌ಗೆ ಎರಡೂ ಒಂದೇ. ಮ್ಯಾನೇಜರ್‌ಗೂ ಒಂದೇ. ಅಪ್ಪನ ಹೆಸರಿಗೆ ಮಾತ್ರ ಬೇರೆ ಬೇರೆ.

ಒಂದು ವಿಷಯ ಇಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಕೆಲವು ವರ್ಷದ ಹಿಂದೆ ಡೆಬಿಯನ್‌ನ ಒಂದು ಪ್ಯಾಕೇಜ್‌ಗೆ ವಿಶ್‌ಲಿಸ್ಟ್ ಹಾಕಿದ್ದೆ. ಹೀಗೆ ಮಾಡಿದರೆ ಚೆನ್ನಾಗಿರುತ್ತದೆ ಅನ್ನುವ ಥರದ್ದು. ಅದನ್ನು ನೋಡಿಕೊಳ್ಳುವವರು ಯಾವುದೋ ದೇಶದವರು, ಮುಖ ನೋಡಿದವಳಲ್ಲ. 'ವೋಂಟ್‌ಫಿಕ್ಸ್' ಅಂತ ಟ್ಯಾಗ್ ಹಾಕಿದರು. ಮಾಡುವುದಿಲ್ಲ ಅಂತ. ಆದರೆ ಅದರ ಜೊತೆ ಉದ್ದನೆಯ ಕಾಗದ ಬರೆದಿದ್ದರು. ನೀವು ಕೇಳಿದ್ದು ನ್ಯಾಯವಾಗಿದೆ, ಆದರೆ ಹೀಗೆ ಮಾಡಿದರೆ ಹಳೆಯ ಫೈಲ್ ಇಟ್ಟುಕೊಂಡವರಿಗೆ ಇಂಥ ತೊಂದರೆ ಆಗುತ್ತದೆ, ನಾನೊಬ್ಬನೇ ಇದನ್ನು ನೋಡಿಕೊಳ್ಳುತ್ತಿದ್ದೇನೆ, ನನ್ನ ಕೈಲಾಗುವುದಿಲ್ಲ ಅಂತ. ಆಗ ಮನೆಯಲ್ಲಿ, ಆಫೀಸಿನಲ್ಲಿ ಎಲ್ಲೂ ನನ್ನ ಮಾತಿಗೆ ಯಾರೂ ಪೂರ್ತಿ ಉತ್ತರ ಕೊಡದಿದ್ದ ಕಾಲ. ಆ ಮೈಲ್ ಓದಿ ಕಣ್ಣು ತುಂಬಿ ಬಂತು. ಇಲ್ಲ ಅನ್ನಿಸಿಕೊಂಡೂ ಇಷ್ಟು ಸಮಾಧಾನ ಆಗಿದ್ದು ಅದೇ ಮೊದಲು. ಅದಕ್ಕೇ ಇವತ್ತು ಇಷ್ಟು ಉರಿಯುತ್ತಿರುವುದು. ಆ್ಯಪ್‌ನವರೂ 'ಆಗಲ್ಲ ಹೋಗಮ್ಮ' ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಈ ಬರಹವೇ ಇರುತ್ತಿರಲಿಲ್ಲ.

ಅದೆಲ್ಲ ಹಳೇ ಕಾಲದವರ ಚಟ ಅನ್ನುವವರಿಗೆ ಒಂದು ಮಾತು. ಈಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್‌ನವರೂ ತಮ್ಮ ಬಗ್‌ಗಳಿಗೆ ಇದೇ ಡೆಬ್‌ಬಗ್ಸ್ ಇಟ್ಟುಕೊಂಡಿದ್ದಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ತೊಂದರೆ ಹುಡುಕಲು ಗೂಗಲ್‌ನವರು ಸಿಜ್‌ಬಾಟ್ ಅಂತ ಒಂದು ರೋಬೋಟ್ ಬಿಟ್ಟಿದ್ದಾರೆ. ಅದು ಮೈಲ್‌ನಲ್ಲೇ ದೂರು ಕೊಡುತ್ತದೆ, ಮೈಲ್‌ನಲ್ಲೇ ಕಮಾಂಡ್ ತಗೊಳ್ಳುತ್ತದೆ. ಸರಿ ಮಾಡಿದೆ ಅನ್ನಬೇಕಾದರೆ 'ಫಿಕ್ಸ್' ಅಂತ ಬರೆದು, ಯಾವ ಬದಲಾವಣೆಯಿಂದ ಸರಿಹೋಯಿತೋ ಅದರ ತಲೆಬರಹವನ್ನೂ ಬರೆಯಬೇಕು. ಸುಮ್ನೆ 'ಆಯ್ತು' ಅಂದರೆ ಅದು ಕೇಳುವುದಿಲ್ಲ. ರೋಬೋಟ್ ಕೂಡ ಕಾರಣ ಕೇಳುತ್ತದೆ ನೋಡಿ.

ಎಲ್ಲರೂ ಮೈಲ್‌ಗೆ ಬನ್ನಿ ಅಂತ ನಾನು ಹೇಳುತ್ತಿಲ್ಲ. ಬರುವುದಿಲ್ಲ ಅಂತಲೂ ಗೊತ್ತು. ನೀವು ಯಾವ ಟೂಲ್ ಬೇಕಾದರೂ ಇಟ್ಟುಕೊಳ್ಳಿ, ಎಷ್ಟು ಬಣ್ಣದ ಬಟನ್ ಬೇಕಾದರೂ ಹಾಕಿಸಿಕೊಳ್ಳಿ. ನಾನು ಕೇಳುತ್ತಿರುವುದು ಒಂದೇ. ಮುಚ್ಚುವವರು ಯಾಕೆ ಮುಚ್ಚಿದೆ ಅಂತ ಬರೆಯಲಿ, ಅದು ದೂರು ಕೊಟ್ಟವರಿಗೆ ತಲುಪಲಿ, ಅವರು ವಾಪಸ್ ಬರೆದರೆ ಅದು ಒಬ್ಬ ಮನುಷ್ಯನಿಗೆ ಹೋಗಲಿ. ಡೆಬಿಯನ್‌ನಲ್ಲಿ ಮುಚ್ಚಿದ ಬಗ್ 28 ದಿನ ಸುಮ್ಮನಿದ್ದರೆ ಆರ್ಕೈವ್‌ಗೆ ಹೋಗುತ್ತದೆ. ಅಲ್ಲಿಂದಲೂ ಒಂದು ಸಾಲು ಬರೆದು ಎಬ್ಬಿಸಬಹುದು. ನನ್ನ ಟಿಕೆಟ್‌ಗೆ ಬೀಗ ಹಾಕಿದ್ದಾರೆ. ಹೊಸದು ತೆರೆಯಿರಿ ಅನ್ನುತ್ತಿದೆ. ಸ್ಕ್ರೀನ್‌ಶಾಟ್ ಎಲ್ಲ ಮೊದಲಿಂದ.

ತೆರೆಯುತ್ತೇನೆ, ಬಿಡುವುದಿಲ್ಲ. ಅಷ್ಟರೊಳಗೆ ನಮ್ಮ ಆಫೀಸಿನ ಟೂಲ್‌ನಲ್ಲಿ ಒಂದು ಸೆಟ್ಟಿಂಗ್ ಹಾಕಿಸಿದ್ದೇನೆ. ಕ್ಲೋಸ್ ಒತ್ತಿದರೆ ಕಾರಣ ಬರೆಯುವ ಬಾಕ್ಸ್ ತೆರೆದುಕೊಳ್ಳುತ್ತದೆ. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಇವತ್ತು ಮಧ್ಯಾಹ್ನದ ಮೇಲೆ ಮುಚ್ಚಿದ ಬಗ್‌ಗಳಲ್ಲಿ ಜಾಸ್ತಿ ಜನ ಆ ಬಾಕ್ಸ್‌ನಲ್ಲಿ ಒಂದು ಚುಕ್ಕೆ ಇಟ್ಟಿದ್ದಾರೆ. ಬರೀ ಚುಕ್ಕೆ. ಕೂತು ಒಂದೊಂದನ್ನೇ ರೀಓಪನ್ ಮಾಡುತ್ತಿದ್ದೇನೆ. ಟೀಮಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೌದು, ಅದು ನಾನೇ.