ಬ್ಯಾಗು ಮಗುವಿನ ಹೆಗಲಿಗೆ ಕೊಡಿ

ಇವತ್ತು ಬೆಳಿಗ್ಗೆ ಗಾಲ್ಫ್ ಕೋರ್ಸಿನಿಂದ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ, ಚೆನ್ನಾಗಿ ಆಡುತ್ತಾನೆ. ಆದರೆ ಗಾಲ್ಫ್ ಕೋಲುಗಳ ಬ್ಯಾಗು ಸಹಾಯಕನ, ಅಂದರೆ ಕ್ಯಾಡಿಯ ಹೆಗಲಲ್ಲಿ. ಗುರಿಗೆ ಎಷ್ಟು ಗಜ ಅಂತ ಹೇಳುವವನೂ ಕ್ಯಾಡಿ. ಯಾವ ಕ್ಲಬ್, ಅಂದರೆ ಯಾವ ಕೋಲು ತೆಗೆಯಬೇಕು ಅನ್ನುವವರು ಅಪ್ಪ. ಗ್ರೀನಿನಲ್ಲಿ, ಅಂದರೆ ಗುಂಡಿಯ ಸುತ್ತಿನ ನುಣುಪು ಹುಲ್ಲಿನಲ್ಲಿ, ಬಾಲ್ ಉರುಳುವ ಲೈನ್ ನೋಡುವವನು ಮತ್ತೆ ಕ್ಯಾಡಿ. ಸ್ಕೋರ್ ಬರೆಯುವವರು ಮತ್ತೆ ಅಪ್ಪ. ಹುಡುಗನಿಗೆ ಉಳಿದದ್ದು ಬಾಲ್ ಹೊಡೆಯುವ ಕೆಲಸ ಒಂದೇ.

ಆಟ ಮುಗಿದ ಮೇಲೆ ಅಪ್ಪ ನನ್ನ ಹತ್ತಿರ ಬಂದರು. "ಮೇಡಂ, ನಿಮ್ಮ ಮಗಳ ಥರ ಇವನೂ ಅಮೆರಿಕದ ಕಾಲೇಜಿನಲ್ಲಿ ಆಡಬೇಕು. ಆರು ತಿಂಗಳಿಂದ ಕೋಚ್‌ಗಳಿಗೆ ಮೇಲ್ ಹಾಕ್ತಾನೇ ಇದ್ದೀನಿ. ಒಬ್ಬರೂ ಉತ್ತರ ಕೊಡ್ತಿಲ್ಲ" ಅಂದರು. ನಾನು ಹುಡುಗನನ್ನು ಕೇಳಿದೆ, "ನಿನಗೆ ಎಂಥ ಕಾಲೇಜು ಇಷ್ಟ ಪುಟ್ಟಾ?" ಅವನು ಅಪ್ಪನ ಮುಖ ನೋಡಿದ.

ಆ ನೋಟ ಇನ್ನೂ ಕಣ್ಣ ಮುಂದೆ ಇದೆ.

ಮೊದಲು ಆ ಉತ್ತರದ ವಿಷಯ. ಅಮೆರಿಕದ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ನಿಯಮದ ಪ್ರಕಾರ, ಹತ್ತನೇ ಕ್ಲಾಸ್ ಮುಗಿದ ಮೇಲಿನ ಜೂನ್ 15ರವರೆಗೆ ಎಲ್ಲಕ್ಕಿಂತ ಮೇಲಿನ ಹಂತವಾದ ಡಿವಿಷನ್ 1ರ ಕೋಚ್‌ಗಳು ತಂಡಕ್ಕೆ ಸೇರಿಸುವ ಮಾತನ್ನು ಮಕ್ಕಳ ಜೊತೆಯಾಗಲಿ, ಅಪ್ಪ ಅಮ್ಮನ ಜೊತೆಯಾಗಲಿ ಆಡುವಂತಿಲ್ಲ. ಒಂಬತ್ತನೇ ಕ್ಲಾಸಿನವನಿಗೆ ಅವರು ಉತ್ತರ ಕೊಡುವುದಾದರೂ ಹೇಗೆ? ಆದರೆ ಒಂಬತ್ತನೇ ಕ್ಲಾಸಿನ ಮಾರ್ಕ್ಸೂ ಲೆಕ್ಕಕ್ಕೆ ಬರುತ್ತದೆ! ಒಂಬತ್ತರಿಂದ ಹನ್ನೆರಡರವರೆಗೆ ಓದಿನ 16 ಮುಖ್ಯ ಕೋರ್ಸ್‌ಗಳು, ಡಿವಿಷನ್ 1ಕ್ಕೆ ಅವುಗಳಲ್ಲಿ 4 ಅಂಕಕ್ಕೆ ಕನಿಷ್ಠ 2.3 ಸರಾಸರಿ ಬೇಕು. ಕಾಲೇಜುಗಳು ಕೇಳುವುದು ಇನ್ನೂ ಜಾಸ್ತಿ. ನಮ್ಮಲ್ಲಿ ಒಂಬತ್ತನ್ನು ಟೂರ್ನಮೆಂಟ್ ವರ್ಷ ಅಂತ ಬಿಟ್ಟು, ಬೋರ್ಡ್ ಪರೀಕ್ಷೆಗೆ ಮಾತ್ರ ಓದಿಸುತ್ತೇವೆ. ಅಲ್ಲೇ ತಪ್ಪುತ್ತಿರುವುದು. ಆ ಅಪ್ಪನಿಗೆ ಹೇಳಿದೆ. ಅವರು ಬರೆದುಕೊಂಡರು. ಹುಡುಗ ಬರೆದುಕೊಳ್ಳಲಿಲ್ಲ.

ನನ್ನ ಸಂಕಟ ಇದೇ. ಅಲ್ಲಿಗೆ ಹೋದ ಮೇಲೆ ಈ ಹುಡುಗನ ಜೊತೆ ಯಾರೂ ಇರುವುದಿಲ್ಲ. ಕಾಲೇಜು ಪಂದ್ಯಗಳಲ್ಲಿ ಕ್ಯಾಡಿ ಇಲ್ಲ. ಕೋಚ್ ಒಂದು ಮಾತು ಹೇಳಬಹುದು, ಆದರೆ ಅವರು ಐದು ಮಕ್ಕಳನ್ನು ನೋಡಬೇಕು. ಬ್ಯಾಗನ್ನು ತಾನೇ ಹೊರಬೇಕು, ಇಲ್ಲ ತಳ್ಳಬೇಕು. ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಮೊದಲ ದಿನವೇ 36 ಹೋಲ್, ಅಂದರೆ ಎರಡು ಪೂರ್ತಿ ಸುತ್ತು, ಮಾರನೇ ದಿನ 18. ಗಂಡು ಮಕ್ಕಳಿಗೆ ಕೋರ್ಸಿನ ಉದ್ದ 7,000 ಗಜದ ಆಸುಪಾಸು. ಬೆಳಿಗ್ಗೆ ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಸಂಜೆ. ಮೂವತ್ತನೇ ಹೋಲಿನಲ್ಲಿ ಕಾಲು ಸೋತಾಗ ಯಾವ ಕ್ಲಬ್ ಅಂತ ಯಾರನ್ನು ಕೇಳುತ್ತಾನೆ?

ಇನ್ನೊಂದು ಮಾತು. ಐದು ಜನ ಆಡಿದರೆ ಚೆನ್ನಾಗಿ ಆಡಿದ ನಾಲ್ಕು ಜನರ ಸ್ಕೋರ್ ತಂಡಕ್ಕೆ ಸೇರುತ್ತದೆ. ಯಾವ ನಾಲ್ಕು ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಅದಕ್ಕೇ ಒಂದು ಹೋಲಿನಲ್ಲಿ ಆಟ ಕೆಟ್ಟು ಎಂಟು ಹೊಡೆತ ತೆಗೆದುಕೊಂಡ ಮಗು ಮುಂದಿನ ಹೋಲಿನ ಟೀಯಲ್ಲಿ, ಮೊದಲ ಹೊಡೆತಕ್ಕೆ, ಹೇಗೆ ನಿಲ್ಲುತ್ತದೆ ಅನ್ನುವುದು ಕೋಚ್‌ಗೆ ಅಷ್ಟು ಮುಖ್ಯ. ಇವತ್ತು ಈ ಹುಡುಗ ಎರಡು ಬಾಲ್ ನೀರಿಗೆ ಹಾಕಿದ. ಬೇಜಾರು ಮಾಡಿಕೊಂಡವರು ಅಪ್ಪ, ಸಮಾಧಾನ ಮಾಡಿದವನು ಕ್ಯಾಡಿ. ಸೋಲನ್ನು ಸಹ ನಾವು ಅವನ ಕೈಗೆ ಕೊಡಲಿಲ್ಲ.

ಇದನ್ನೆಲ್ಲ ಹೇಳುವ ನಾನೂ ಅದನ್ನೇ ಮಾಡಿದವಳು. ಮೊದಲ ವರ್ಷ ಮಗಳ ಹೆಸರಿನಲ್ಲಿ ಅಷ್ಟೂ ಮೇಲ್ ಬರೆದದ್ದು ನಾನೇ. ಕೊನೆಗೂ ಒಬ್ಬ ಕೋಚ್ ವಿಡಿಯೋ ಕಾಲ್ ಮಾಡಿ ಕೇಳಿದರು, "ನಿನ್ನ ವೆಡ್ಜ್ ಆಟ (ಗ್ರೀನಿನ ಹತ್ತಿರದ ಸಣ್ಣ ಹೊಡೆತ) ಸುಧಾರಿಸಿದೆ ಅಂತ ಬರೆದಿದ್ದೀಯಲ್ಲ, ಏನು ಮಾಡಿದೆ?" ಅವಳು ಸುಮ್ಮನೆ ಕೂತಳು. ನಾನು ಕ್ಯಾಮೆರಾದ ಆಚೆ ನಿಂತು ಕೈಸನ್ನೆ ಮಾಡುತ್ತಿದ್ದೆ. ಹತ್ತು ನಿಮಿಷಕ್ಕೆ ಕಾಲ್ ಮುಗಿಯಿತು. ರಾತ್ರಿ ಊಟ ಮಾಡುವಾಗ ಅವಳು, "ಅಮ್ಮ, ಅದು ನೀನು ಬರೆದ ಮೇಲ್. ನನಗೇನು ಗೊತ್ತಿತ್ತು?" ಅಂದಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅವತ್ತಿನಿಂದ ಅವಳೇ ಬರೆದಳು. ಆರೇ ಸಾಲು. ಕೊನೆಯ ನಾಲ್ಕು ಟೂರ್ನಮೆಂಟಿನ ಸ್ಕೋರ್, ಕೋರ್ಸಿನ ಉದ್ದ, ಮುಂದೆ ಎಲ್ಲಿ ಆಡುತ್ತೇನೆ, ಆ ಕಾಲೇಜೇ ಯಾಕೆ. ಕಾಗುಣಿತದ ತಪ್ಪಿದ್ದವು, ನಾನು ಮುಟ್ಟಲಿಲ್ಲ. ಉತ್ತರ ನಿಧಾನಕ್ಕೆ ಬಂದವು.

ಈಗ ಕೆಲವರು ಕೇಳುತ್ತೀರಿ, ಗೊತ್ತು. "ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್‌ಗೆ ರಿಯೋ ಒಲಿಂಪಿಕ್ಸ್‌ನಲ್ಲಿ ಬ್ಯಾಗು ಹೊತ್ತಿದ್ದು ಅಪ್ಪ, ಟೋಕಿಯೋದಲ್ಲಿ ಅಮ್ಮ ಅಲ್ವಾ?" ಹೌದು. ಆದರೆ 2016ರಲ್ಲೇ, 17 ವರ್ಷಕ್ಕೆ ಪ್ರೊ, ಅಂದರೆ ವೃತ್ತಿಪರ ಆಟಗಾರ್ತಿ ಆದವಳು ಅವಳು. ಅವಳದು ಕಾಲೇಜಿನ ದಾರಿಯೇ ಅಲ್ಲ. ಪ್ರೊಗೆ ಕ್ಯಾಡಿ ಇರುತ್ತಾರೆ, ಕಾಲೇಜು ಹುಡುಗನಿಗೆ ಇರುವುದಿಲ್ಲ. ಅದಿತಿಯಿಂದ ಕಲಿಯುವುದಿದ್ದರೆ ಟೋಕಿಯೋ ನೆನಪು ಮಾಡಿಕೊಳ್ಳಿ. ದೂರ ಹೊಡೆಯುವುದರಲ್ಲಿ ತೀರಾ ಹಿಂದಿದ್ದ ಹುಡುಗಿ, ಪಟಿಂಗ್, ಅಂದರೆ ಗ್ರೀನಿನಲ್ಲಿ ಬಾಲನ್ನು ಗುಂಡಿಗೆ ಉರುಳಿಸುವ ಹೊಡೆತದ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದಳು. ಒಂದೇ ಸ್ಟ್ರೋಕಿನಲ್ಲಿ ಪದಕ ತಪ್ಪಿತು. ಇಷ್ಟಾದರೂ ನಮ್ಮ ಅಭ್ಯಾಸದ ರೇಂಜ್‌ನಲ್ಲಿ ಎಲ್ಲ ಮಕ್ಕಳೂ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಹಿಡಿದು ನಿಂತಿರುತ್ತಾರೆ. ಪಟಿಂಗ್ ಗ್ರೀನ್ ಖಾಲಿ.

ದುಡ್ಡಿನ ಮಾತು. "ಫುಲ್ ಸ್ಕಾಲರ್‌ಶಿಪ್ ಗ್ಯಾರಂಟಿ" ಅನ್ನುವ ಏಜೆಂಟ್ ಸಿಕ್ಕರೆ ದಯವಿಟ್ಟು ಎದ್ದು ಬನ್ನಿ. ಎಷ್ಟೋ ವರ್ಷ ಡಿವಿಷನ್ 1ರ ಪುರುಷರ ತಂಡಕ್ಕೆ ಇದ್ದದ್ದು ಒಟ್ಟು 4.5 ಸ್ಕಾಲರ್‌ಶಿಪ್, ಮಹಿಳೆಯರಿಗೆ 6. ಅದನ್ನೇ ಹಂಚುತ್ತಿದ್ದರು. 2025ರಿಂದ ಹೊಸ ವ್ಯವಸ್ಥೆ ಒಪ್ಪಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿದೆ, ಆದರೆ ಅಲ್ಲಿ ತಂಡಕ್ಕೆ ಒಂಬತ್ತೇ ಜನ. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ. ಹಾಗಂತ ಡಿವಿಷನ್ 1 ಒಂದಕ್ಕೇ ಜೋತು ಬೀಳಬೇಡಿ. ನಮ್ಮ ಹೆಸರಾಂತ ಗಾಲ್ಫ್ ಆಟಗಾರ ಜೀವ್ ಮಿಲ್ಖಾ ಸಿಂಗ್ 1993ರಲ್ಲಿ ಗೆದ್ದದ್ದು ಡಿವಿಷನ್ 2ರ ಕಿರೀಟ, ಟೆಕ್ಸಾಸಿನ ಅಬಿಲೀನ್ ಕ್ರಿಶ್ಚಿಯನ್ ಕಾಲೇಜಿನ ಪರವಾಗಿ.

ನಾನು ಕೇಳುವುದು ತುಂಬಾ ಸಣ್ಣ ಕೆಲಸ. ವಾರಕ್ಕೊಂದು ದಿನ ಬ್ಯಾಗನ್ನು ಮಗುವೇ ಹೊರಲಿ. ಕ್ಯಾಡಿ ಅಣ್ಣನಿಗೆ ಪೂರ್ತಿ ಕೂಲಿ ಕೊಡಿ, ಅವನ ಅನ್ನಕ್ಕೆ ಕಲ್ಲು ಹಾಕಬೇಡಿ. ಅವನು ಜೊತೆಗೆ ನಡೆಯಲಿ, ಮಾತು ಮಾತ್ರ ಬೇಡ. ಗಜ ಅಳೆಯುವುದು, ಲೈನ್ ನೋಡುವುದು, ಎಷ್ಟು ಪಟ್ ಆಯಿತು ಅಂತ ಬರೆದುಕೊಳ್ಳುವುದು ಎಲ್ಲ ಮಗುವಿನದೇ. ರಜೆಯಲ್ಲಿ ಒಂದು ದಿನ 36 ಹೋಲ್ ನಡೆಸಿ ನೋಡಿ. ನೀವು ಕ್ಲಬ್‌ಹೌಸಿನಲ್ಲಿ ಕಾಫಿ ಕುಡಿಯುತ್ತಾ ಕೂತಿರಿ. ಕಷ್ಟ ಆಗುತ್ತದೆ, ನನಗೂ ಆಗಿತ್ತು.

ಅಮೆರಿಕದ ಕಾಲೇಜಿನ ಆಸೆ ಇರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ನನಗೆ ಫೋನ್ ಮಾಡಿ. ಶನಿವಾರ ಸಂಜೆ ಬಿಡುವಾಗಿರುತ್ತೇನೆ, ಎಷ್ಟು ಹೊತ್ತಾದರೂ ಮಾತಾಡುತ್ತೇನೆ. ನಂಬರ್ ಒತ್ತಿ ಫೋನನ್ನು ಮಗುವಿನ ಕೈಗೆ ಕೊಡಿ.