ಕೊನೆಯ ಅಂಕಿ 7

ನಿನ್ನೆಯಿಂದ ತಲೆ ಕೆಟ್ಟುಹೋಗಿದೆ. ಇಲ್ಲಿ ಬರೆದು ಹಾಕಿದರೆ ಸ್ವಲ್ಪ ಇಳಿಯಬಹುದು.

ಮಂಡ್ಯದಿಂದ ಅತ್ತೆ ಬಂದಿದ್ದಾರೆ. ಶುಗರ್, ಥೈರಾಯ್ಡ್ ನೋಡಿಸೋಣ ಅಂತ ಮೈಸೂರಿನ ಒಂದು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಹೆಸರು ಬೇಡ. ಗೋಡೆಯ ಮೇಲೆ ಪೋಸ್ಟರ್: 'ಸೈಬರ್ ವಂಚಕರಿದ್ದಾರೆ, ಎಚ್ಚರ!' ಮಧ್ಯಾಹ್ನ ರಿಪೋರ್ಟಿನ ಲಿಂಕ್ ಬಂತು. ಅತ್ತೆಯದು ಕೀಪ್ಯಾಡ್ ಫೋನ್. ಹಾಗಾಗಿ ಅದನ್ನು ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಲಿಂಕಿನ ಕೊನೆಯಲ್ಲಿದ್ದ ಬಿಲ್ ನಂಬರಿನ ಕೊನೆಯ ಅಂಕಿ 7ರ ಬದಲು 1 ಒತ್ತಿಬಿಟ್ಟೆ.

ತೆರೆದುಕೊಂಡಿದ್ದು ಯಾರೋ ಹೆಣ್ಣುಮಗಳ ರಿಪೋರ್ಟ್. ಹೆಸರು, ವಯಸ್ಸು, ಮೊಬೈಲ್ ನಂಬರ್, ಏನು ಟೆಸ್ಟ್, ಎಲ್ಲ. ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ. ಬಿಲ್ ನಂಬರೇ ಬೀಗ, ಅದೇ ಬೀಗದ ಕೈ. ತಕ್ಷಣ ಮುಚ್ಚಿದೆ. ಆದರೆ ನೋಡಿದ್ದು ನೋಡಿದ ಹಾಗೇ ಅಲ್ವಾ?

ಲ್ಯಾಬಿಗೆ ಫೋನ್ ಮಾಡಿ ಹೇಳಿದೆ. 'ನೀವ್ಯಾಕ್ ಸಾರ್ ಬೇರೆ ನಂಬರ್ ಒತ್ತಿದ್ರಿ? ಅದು ಹ್ಯಾಕಿಂಗ್ ಅಲ್ವಾ?' ಅಂದಳು ಕೌಂಟರಿನ ಹುಡುಗಿ. ಬಾಗಿಲು ತೆರೆದಿಟ್ಟವರು ಸಾಚಾ, ತೆರೆದಿದೆ ಅಂದವನು ಕಳ್ಳ!

ನಮ್ಮಲ್ಲಿ ಎಚ್ಚರ ಅನ್ನೋದು ಯಾವಾಗಲೂ ನಮ್ಮ ಪಾಲಿನದೇ. ಲಿಂಕ್ ಒತ್ತಬೇಡಿ, ಓಟಿಪಿ ಹೇಳಬೇಡಿ, ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಿ. ಸರಿ. ಅತ್ತೆ ಓಟಿಪಿಯನ್ನು ನನಗೂ ಹೇಳುವುದಿಲ್ಲ. ಆದರೆ ಅವರ ಹೆಸರು, ನಂಬರ್, ಕಾಯಿಲೆ ಮೂರೂ ಬೀದಿಯಲ್ಲಿ ಬಿದ್ದಿದ್ದರೆ ಅವರು ಎಚ್ಚರವಾಗಿದ್ದು ಏನು ಬಂತು? 2024ರಲ್ಲಿ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿಗೂ ಜಾಸ್ತಿ. ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ ಇದು. ಪೊಲೀಸ್ ಅಂತ ಸುಳ್ಳು ಹೇಳಿ ಫೋನಿನಲ್ಲೇ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸುವವನಿಗೆ ನಿಮ್ಮ ಹೆಸರು ಕನಸಿನಲ್ಲಿ ಬಂದಿರುತ್ತದಾ?

'ಸಣ್ಣ ಲ್ಯಾಬ್ ಕಣೋ, ಸೆಕ್ಯುರಿಟಿಗೆ ದುಡ್ಡು ಎಲ್ಲಿಂದ ತರ್ತಾರೆ?' ಅಂತ ಗೆಳೆಯ ಕೇಳಿದ. ಗ್ರಾನೈಟಿಗೆ ಇತ್ತಲ್ಲ, ಏಸಿಗೆ ಇತ್ತಲ್ಲ! ರಿಪೋರ್ಟ್ ತೆರೆಯುವ ಮುಂಚೆ ಒಂದು ಓಟಿಪಿ ಕೇಳಿಸೋದು ಗೊತ್ತಿರುವ ಹುಡುಗನಿಗೆ ಒಂದೆರಡು ದಿನದ ಕೆಲಸ. ದೊಡ್ಡವರು ಉದ್ಧಾರ ಆಗಿದ್ದಾರೆ ಅಂತಲೂ ಅಲ್ಲ. 2022ರ ನವೆಂಬರಿನಲ್ಲಿ ಸೈಬರ್ ದಾಳಿಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳೇ ಮಲಗಿದ್ದವು. ದಿನಗಟ್ಟಲೆ ಪೆನ್ನು, ಕಾಗದದಲ್ಲಿ ಕೆಲಸ ಸಾಗಿತು.

ಕಾನೂನು ಇಲ್ಲವೇ? ಬೇಕಾದಷ್ಟಿದೆ. ಮಾಹಿತಿ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು. ಇದು 2022ರ ಆದೇಶ. ಗೊತ್ತೇ ಆಗದಿದ್ದರೆ? ಗಡಿಯಾರ ಶುರುವೇ ಆಗುವುದಿಲ್ಲ, ಹಾಯಾಗಿರಬಹುದು. ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, 250 ಕೋಟಿವರೆಗೂ ದಂಡವಂತೆ. ಅದರ ನಿಯಮ ಬಂದಿದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಂಗಳು ಜಾರಿಯಾಗಲು ಅಲ್ಲಿಂದ ಮತ್ತೆ 18 ತಿಂಗಳು. ಅಷ್ಟರಲ್ಲಿ ಅತ್ತೆಯ ಶುಗರ್ ಎಷ್ಟಾಗಿರುತ್ತೋ.

ಇನ್ನು ಜನ. 5 ವರ್ಷದಲ್ಲಿ 5 ಲಕ್ಷ ಸೈಬರ್ ತಜ್ಞರನ್ನು ತಯಾರು ಮಾಡುತ್ತೇವೆ ಅಂತ 2013ರ ರಾಷ್ಟ್ರೀಯ ನೀತಿ ಹೇಳಿತ್ತು. ಆ ಲೆಕ್ಕದಲ್ಲಿ ನಾನೂ ಒಬ್ಬ ಅಂದುಕೊಳ್ಳಿ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಸೈಬರ್ ದಾಳಿಯ ಅಲರ್ಟ್ ನೋಡುತ್ತಾ ಕೂತಿದ್ದ ದಿನಗಳಿದ್ದವು. ಒಂದು ವಿಷಯ ಇದುವರೆಗೂ ಹೇಳಿರಲಿಲ್ಲ. ಬೆಳಗಿನ ಜಾವ ನಿದ್ದೆ ತಡೆಯಲಾಗದೆ ನೂರಾರು ಅಲರ್ಟ್‌ಗಳನ್ನು ಓದದೇ 'ಸುಳ್ಳು ಅಲಾರಂ' ಅಂತ ಮುಚ್ಚಿದ್ದೇನೆ. ಅದರಲ್ಲಿ ನಿಜವಾದದ್ದು ಎಷ್ಟಿದ್ದವೋ ದೇವರಿಗೇ ಗೊತ್ತು. ಹಾಗಾಗಿ ಕೌಂಟರಿನ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಆ ಪೋಸ್ಟರಿನ ಮೇಲೆ.

ಸರ್ಟ್-ಇನ್‌ಗೆ ಮೇಲ್ ಹಾಕಿದ್ದೇನೆ. ಸರಿಹೋಯಿತಾ ಅಂತ ಇನ್ನೊಂದು ನಂಬರ್ ಒತ್ತಿ ನೋಡುವ ಧೈರ್ಯ ಮಾತ್ರ ಇಲ್ಲ.

ಸಂಜೆ ಅತ್ತೆಯ ಫೋನಿಗೆ ಲ್ಯಾಬಿನಿಂದ ಮತ್ತೊಂದು ಮೆಸೇಜ್ ಬಂತು. 'ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?' ಕೆಳಗೆ ಲಿಂಕ್. ಅದರ ಕೊನೆಯಲ್ಲೂ ಅದೇ ಬಿಲ್ ನಂಬರ್.